ತೂಬಿನ ನೀರಲ್ಲಿ ತಿರುಗಿದ ಪಾಠ

ನಾನು ಚಿಕ್ಕವನಿದ್ದಾಗಲೇ ದೊಡ್ಡ ಪುಕ್ಕಲ. ಮರೆತುಹೋದರೆ ಏನು ಗತಿ ಎಂಬ ಭಯಕ್ಕೆ ಪಾಠಗಳನ್ನೆಲ್ಲ ಒಂದಕ್ಷರ ಬಿಡದೆ ಬಾಯಿಪಾಠ ಮಾಡುತ್ತಿದ್ದೆ. ವಿಜ್ಞಾನವಾಗಲಿ, ಸಮಾಜವಾಗಲಿ, ನನಗೆ ಎಲ್ಲವೂ ಮಗ್ಗಿಯೇ.

ಕೆರಗೋಡಿನ ಹತ್ತಿರ ನಮ್ಮೂರು. ಒಮ್ಮೆ ಮೇಷ್ಟ್ರು ನಮ್ಮನ್ನು ಶಿವನಸಮುದ್ರದ ಪವರ್ ಹೌಸಿಗೆ ಕರೆದೊಯ್ಯುವುದಾಗಿ ಹೇಳಿದರು. ಆದರೆ ನೀರಿನಿಂದ ಕರೆಂಟು ಹುಟ್ಟುವ ಪಾಠವನ್ನು ತಿಳಿದು ಹೇಳಿದವರಿಗೆ ಮಾತ್ರ ಬಸ್ಸಿನಲ್ಲಿ ಜಾಗ. ನಾನು ಎದ್ದು ನಿಂತು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಒಪ್ಪಿಸಿದೆ. ನಡುವೆ ‘ಕೆಳಗಿನ ಚಿತ್ರ ನೋಡಿ’ ಎಂಬುದನ್ನೂ ಬಿಡಲಿಲ್ಲ. ಆ ಚಿತ್ರದಲ್ಲಿ ಏನಿದೆ ಎಂದು ಮೇಷ್ಟ್ರು ಕೇಳಿದರು. ನಾನು ಅದನ್ನು ನೋಡಿಯೇ ಇರಲಿಲ್ಲ. ತರಗತಿಯೆಲ್ಲ ನಕ್ಕಿತು. ನಾಳೆ ಇನ್ನೊಂದು ಸಲ ಕೇಳುತ್ತೇನೆ ಎಂದು ಕೂರಿಸಿದರು.

ಸಂಜೆ ಅಕ್ಕ, ನಾಲೆಯಿಂದ ಗದ್ದೆಗೆ ನೀರು ಧುಮುಕುವ ತೂಬಿನ ಬಳಿ ಬಟ್ಟೆ ಒಗೆಯುತ್ತಿದ್ದಳು. ಅವಳ ಶಾಲೆ ಏಳನೆಯ ತರಗತಿಗೇ ನಿಂತಿತ್ತು. ನಾನು ಪಕ್ಕದಲ್ಲಿ ಕೂತು ಓದಿದೆ: ‘ಎತ್ತರದಿಂದ ಬೀಳುವ ನೀರಿನ ರಭಸಕ್ಕೆ ಚಕ್ರವು ತಿರುಗುತ್ತದೆ.’

“ಅಂದ್ರೆ ಏನ್ಲಾ?” ಎಂದಳು ಅಕ್ಕ.

ಅದೇ ಸಾಲನ್ನು ಇನ್ನೂ ಜೋರಾಗಿ ಓದಿದೆ.

“ನಾನೇನ್ ಕಿವುಡೀನಾ? ಪುಸ್ತಕ ಮುಚ್ಚು. ಅವ್ವಂಗೆ ಹೇಳೋ ಅಂಗೆ ಹೇಳು.”

ನಾನು ಪುಸ್ತಕ ಮುಚ್ಚಿ, ಕಣ್ಣೂ ಮುಚ್ಚಿ ಅದೇ ಸಾಲು ಒಪ್ಪಿಸಿದೆ. ಅಕ್ಕ ಕೈ ಒರೆಸಿಕೊಂಡು, ಪುಸ್ತಕ ಬಿಡಿಸಿ, ನನ್ನ ಬೆರಳು ಹಿಡಿದು ಚಿತ್ರದ ಬಾಣಗಳ ಮೇಲೆ ನಡೆಸಿದಳು. ಆಮೇಲೆ ತೆಂಗಿನ ಗರಿಯಲ್ಲಿ ಗಿರಿಗಿಟ್ಟಲೆ ಹೆಣೆದು ತೂಬಿನ ನೀರಿಗೆ ಹಿಡಿದಳು. ಗಿರ್ರನೆ ತಿರುಗಿತು. ಸೋಪಿನ ವಾಸನೆ, ಕಬ್ಬಿನ ಗದ್ದೆಯ ಗಾಳಿ, ಮುಖಕ್ಕೆ ಹಾರುವ ತಣ್ಣನೆಯ ಹನಿ. ಪುಸ್ತಕದ ಸಾಲು ನನ್ನ ಕಣ್ಣೆದುರೇ ಸುತ್ತುತ್ತಿತ್ತು.

ಮಾರನೆಯ ದಿನ ತೂಬು, ಗಿರಿಗಿಟ್ಟಲೆ ಎಲ್ಲ ಸೇರಿಸಿ ನನ್ನ ಮಾತಿನಲ್ಲೇ ಹೇಳಿದೆ. ತರಗತಿ ಆಗಲೂ ನಕ್ಕಿತು; ಮೇಷ್ಟ್ರು ಮಾತ್ರ ಬಸ್ಸಿಗೆ ಬಾ ಎಂದರು. ಪವರ್ ಹೌಸು ನೋಡಿ ಬಂದ ಸಂಜೆ, ಅದನ್ನು ಎಂದೂ ನೋಡದ ಅಕ್ಕನಿಗೆ ಎಲ್ಲವನ್ನೂ ಹೇಳಬೇಕಾಯಿತು. ಪ್ರತಿ ಮಾತಿಗೂ ಅವಳದು ಅದೇ ಪ್ರಶ್ನೆ. ಕೊನೆಗೆ ಕಣ್ಣು ಮುಚ್ಚಿ, “ಈಗ ಕಾಣ್ತದೆ ಬುಡ್ಲಾ” ಎಂದಳು.

ಮೊಮ್ಮಕ್ಕಳೇ, ನಿಮ್ಮ ಪಾಠದ ಚಿತ್ರಗಳು ಫೋನಿನಲ್ಲಿ ತಾವೇ ಓಡಾಡುತ್ತವೆ. ಬಾಣದ ಮೇಲೆ ಬೆರಳಿಡುವ ಕೆಲಸವಿಲ್ಲ. ಅಕ್ಕ ಈಗಿಲ್ಲ. ನಾನಿನ್ನೂ ಪುಕ್ಕಲನೇ, ಮಾತ್ರೆಯ ಜೊತೆ ಬರುವ ಚೀಟಿಯನ್ನು ಎಷ್ಟು ಸಲ ಓದಿದರೂ ಪ್ರತಿ ಸಲ ಹೊಸದಾಗಿ ಹೆದರುತ್ತೇನೆ. ಪಕ್ಕದಲ್ಲಿ ಕೂತು ‘ಅಂದ್ರೆ ಏನ್ಲಾ’ ಎನ್ನುವವರಿಲ್ಲ. ಬಿಡುವಿದ್ದಾಗ ನೀವಾದರೂ ನನ್ನ ಪಕ್ಕ ಕೂತು ಹಾಗೆ ಕೇಳಿ. ತಾತನಿಗೆ ‘ಲಾ’ ಅಂದರೂ ಪರವಾಗಿಲ್ಲ.