ಬೆಟ್ಟದಿಂದ ಇಳಿದ ಮೇಲೆ ಆಡಿದ ಸುಳ್ಳು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತಿದ್ದೇನೋ. ಕಣ್ಣು ಉರಿಯುತ್ತದೆ ಎಂದೋ, ಮಾತ್ರೆ ನುಂಗಬೇಕು ಎಂದೋ ಎದ್ದುಬಿಟ್ಟಿದ್ದೇನೆ.

ಒಂದು ಚಳಿಗಾಲ ಮಗ, ಸೊಸೆ ನನ್ನನ್ನು ನ್ಯೂಜೆರ್ಸಿಯ ಹ್ಯಾರಿಸನ್‌ನ ಅಪಾರ್ಟ್‌ಮೆಂಟಿನಿಂದ ಹೊರಡಿಸಿ, ವಿಮಾನ ಬದಲಿಸಿ ಬದಲಿಸಿ, ದೂರದ ಒಂದು ದ್ವೀಪಕ್ಕೆ ಕರೆದೊಯ್ದರು. ಅಲ್ಲಿಯ ಅತಿ ಎತ್ತರದ ಬೆಟ್ಟದ ತುದಿಯವರೆಗೂ ಕಾರು ಹೋಗುತ್ತದೆ. ಮೇಲೆ ನಿಂತರೆ ನಾಲ್ಕೂ ದಿಕ್ಕಿಗೆ ಸಮುದ್ರವಂತೆ. ಮಧ್ಯಾಹ್ನಕ್ಕೆ ಮೋಡ ಮುಚ್ಚುತ್ತದೆ, ಬೇಗ ಹೋಗಿ ಬನ್ನಿ ಎಂದು ಹೋಟೆಲಿನವರು ಹೇಳಿದ್ದರು. ಮಗನೂ ಅದನ್ನೇ ಹೇಳಿ ನಸುಕಿನಲ್ಲೇ ಸಮುದ್ರಕ್ಕೆ ಡೈವಿಂಗ್‌ಗೆ ಹೋದ. ನನ್ನನ್ನು ಬೆಟ್ಟಕ್ಕೆ ಕರೆದೊಯ್ಯಲು ಸೊಸೆ ಆಗಲೇ ತಯಾರಾಗಿದ್ದಳು.

ನಾನು ಫೋನಿನಲ್ಲಿ ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಫೋಟೋ ತೆರೆದೆ. "ರಾಹುಕಾಲ ಮುಗೀಲಿ ತಡಿ."

"ಮಾವ, ಅದು ನ್ಯೂಜೆರ್ಸಿ ಸೂರ್ಯೋದಯದ ಲೆಕ್ಕ. ಇಲ್ಲಿ ಟೈಮೇ ಬೇರೆ."

"ಸೂರ್ಯ ಎಲ್ಲಾ ಕಡಿಗೂ ಒಬ್ಬನ ಅದಾನವಾ."

"ಒಬ್ಬನೇ, ಆದ್ರೆ ಎಲ್ಲರ ಮನೆಗೂ ಒಂದೇ ಟೈಮಿಗೆ ಬರಲ್ವಲ್ಲ," ಎಂದು ನಕ್ಕು ಕೂತಳು.

ಹೊರಟಾಗ ಬಿಸಿಲು ಏರಿತ್ತು. ತುದಿ ಇನ್ನೂ ಮುಂದಿರುವಾಗಲೇ ಮೋಡ ಬಂದು ಕಾರಿಗೆ ಮೆತ್ತಿಕೊಂಡಿತು. ಒಂದು ಬದಿ ಬಂಡೆ, ಇನ್ನೊಂದು ಬದಿ ಏನಿದೆಯೋ ಕಾಣದು. ತಿರುಗಿಸಲು ಜಾಗವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಗಾಜು ಏರಿಸಿದರೆ ಉಸಿರು ಕಟ್ಟುತ್ತಿತ್ತು, ಇಳಿಸಿದರೆ ಮಂಜು ಒಳಗೆ ನುಗ್ಗುತ್ತಿತ್ತು. ಸಂಜೆ ಮೋಡ ಸರಿಯುವವರೆಗೂ ಹೀಗೇ. ಇದು ನನ್ನಿಂದಲೇ ಆದದ್ದೆಂದು ನನಗೆ ಗೊತ್ತಿತ್ತು. ಅವಳು ಬ್ಯಾಗಿನಿಂದ ಚಪಾತಿ ತೆಗೆದು ಕೊಟ್ಟಳು.

ಇಳಿದು ಬಂದಾಗ ಮಗ ಹೋಟೆಲಿನ ಬಾಗಿಲಲ್ಲೇ ಹಾರಾಡಿದ. "ಲಗೂ ಹೋಗ್ರಿ ಅಂದಿದ್ನಿಲ್ಲ? ಯಾಕ ತಡ ಆತು?"

"ಇಕಿ ತಯಾರಾಗೂದ್ರಾಗ ಹೊತ್ತಾತಪಾ," ಎಂದುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. ಅಲ್ಲವೆನ್ನಲಿಲ್ಲ. "ಅಪ್ಪನ ಜೀವದ ಜೋಡಿ ಆಟ ಆಡ್ತೀಯೇನ?" ಎಂದು ಗಂಡ ಅಂದದ್ದನ್ನೂ ಕೇಳಿಸಿಕೊಂಡಳು.

ಈಗ ಅದು ಮನೆಯ ಜೋಕು. ಪಾಟ್‌ಲಕ್ ಊಟಕ್ಕೆ ಬಂದವರ ಮುಂದೆಲ್ಲ ಮಗ, "ಇವಳ ಮೇಕಪ್ಪಿನಿಂದ ಅಪ್ಪ ಬೆಟ್ಟದಾಗ ಸಿಕ್ಕಿಬಿದ್ದಿದ್ದ," ಎನ್ನುತ್ತಾನೆ. ನಿಜಾನಾ ಅಂಕಲ್ ಎಂದು ಯಾರಾದರೂ ಕೇಳಿದರೆ ನಾನು ನಗುತ್ತೇನೆ. ಪ್ರತಿ ಸಲ ನಕ್ಕಾಗಲೂ ನಿಜ ಹೇಳುವುದು ಇನ್ನಷ್ಟು ಕಷ್ಟವಾಗುತ್ತದೆ.

ಫೋರ್ಟ್ ಲೀಯ ಡಾಕ್ಟರ ಹತ್ತಿರ ನನ್ನನ್ನು ಡ್ರೈವ್ ಮಾಡಿಕೊಂಡು ಹೋಗುವವಳು ಅವಳೇ. ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಒಳಗೆ ನಾವಿಬ್ಬರೇ. ಆಗಲೂ ನಾನು ಹವಾಮಾನದ ಮಾತಾಡುತ್ತೇನೆ.

ಎಲ್ಲಿಗೆ ಹೊರಟರೂ ಈಗ ಎಲ್ಲರಿಗಿಂತ ಮೊದಲೇ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ, ನಾನು ಕ್ಷಮೆ ಕೇಳದ ನನ್ನ ಸೊಸೆ.