ಹೋಗಲು ಬಾರದ ಕೋಳಿ

ನಮ್ಮ ಮನೆಯವರು ದೋರನಹಳ್ಳಿ ಹತ್ತಿರದ ಒಂದು ಕೋಳಿ ಫಾರಂನಲ್ಲಿ ಕಾಳು ಹಾಕುವ ಕೆಲಸಕ್ಕಿದ್ದರು. ತತ್ತಿ ಕಡಿಮೆಯಾದ ಕೋಳಿಗಳನ್ನು ಅಲ್ಲಿ ಲಾರಿಗೆ ತುಂಬಿ ಮಾಂಸಕ್ಕೆ ಕಳಿಸುತ್ತಿದ್ದರು. ಒಮ್ಮೆ ಅಂಥ ನಾಲ್ಕನ್ನು ಕೇಳಿಕೊಂಡು ಮನೆಗೆ ತಂದರು. ಕುತ್ತಿಗೆಯ ಪುಕ್ಕ ಉದುರಿತ್ತು, ಜುಟ್ಟು ಬಿಳಿಚಿಕೊಂಡಿತ್ತು.

"ಏನಪಾ, ರಿಟೈರ್ ಆದವ್ರನ್ನ ಕರಕೊಂಡು ಬಂದೀಯಲ್ಲ! ಪಿಂಚಣಿ ಯಾರು ಕೊಡ್ತಾರ?" ಎಂದು ಪಕ್ಕದ ಹೊಲದ ಚಾಚಾ ನಕ್ಕರು.

"ಪಂಜರದಾಗ ನಿಂತು ನಿಂತು ಕಾಲು ಸತ್ತಾವ, ಚಾಚಾ. ನಾಕ ದಿನ ಅಡ್ಡಾಡ್ಲಿ ಬಿಡ್ರಿ."

ಅವು ಅಡ್ಡಾಡಲಿಲ್ಲ. ಅಷ್ಟು ದೊಡ್ಡ ಅಂಗಳದಲ್ಲಿ ಗೋಡೆಯ ಬದಿಗೆ ಸಾಲಾಗಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತವು. ಕಾಳು ಚೆಲ್ಲಿದರೆ ಕುತ್ತಿಗೆ ಮಾತ್ರ ಮುಂದೆ ಬರುತ್ತಿತ್ತು. ನನಗೆ ಕಾಣದ ತಂತಿ ಅವುಗಳ ನಡುವೆ ಇದ್ದಂತಿತ್ತು. ಕಸ ಗುಡಿಸುವಾಗ ನಾನೂ ಆ ತಂತಿ ತಾಗದ ಹಾಗೆ ಸುತ್ತಿ ಹೋಗುತ್ತಿದ್ದೆ. ಹಾಗೆ ಹೋಗುತ್ತಿದ್ದೇನೆ ಎಂಬುದು ತಿಳಿದಾಗ ಮಟಮಟ ಮಧ್ಯಾಹ್ನದಲ್ಲೇ ಮೈ ಜುಮ್ಮೆಂದಿತು.

ಮುಂದಿನ ವರ್ಷ ಮನೆಯವರ ಹೊಟ್ಟೆಯಲ್ಲಿ ನೀರು ತುಂಬಿತು. ಕಲಬುರಗಿಯಲ್ಲಿ ತೆಗೆಸಿಕೊಂಡು ಬಂದರೆ ಮತ್ತೆ ತುಂಬುತ್ತಿತ್ತು. ಕೊನೆಗೆ ಅಲ್ಲಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅತ್ತೆಗೆ ಒಂದೇ ದಾರಿ ಉಳಿದಿತ್ತು. ಬಿಡದ ಬೇನೆಗೆ ನಮ್ಮ ಕಡೆ ಜೀವಂತ ಕೋಳಿಯನ್ನು ನಿವಾಳಿಸಿ ಇಳಿ ತೆಗೆದು, ಅದನ್ನು ಸೀಮೆಯ ಆಚೆ ಬಿಟ್ಟು, ಹಿಂತಿರುಗಿ ನೋಡದೆ ಬರುತ್ತಾರೆ. ಕೋಳಿ ಮೇಯುತ್ತ ದೂರ ಹೋದಂತೆ ಬೇನೆಯೂ ಹೋಗುತ್ತದೆ. ಆದರೆ ಆ ಸಲ ಊರಿನ ಜವಾರಿ ಕೋಳಿಗಳೆಲ್ಲ ರೋಗ ಬಂದು ಸತ್ತಿದ್ದವು.

"ಕೋಳಿ ಅಂದ್ರ ಕೋಳಿ," ಎಂದು ಅತ್ತೆ ನಾಲ್ಕರಲ್ಲಿ ಒಂದನ್ನು ಹಿಡಿದರು. ಅರಿಷಿಣ ಹಚ್ಚಿ ಮಗನ ಮೇಲೆ ಸುತ್ತಿಸಿ, "ಇವನ ಬ್ಯಾನಿ ತೊಗೊಂಡು ಹೋಗವ್ವ," ಎಂದರು.

ಮಂಚದ ಮೇಲಿನಿಂದ ಇವರು ನಕ್ಕರು. "ಯವ್ವಾ, ಅದಕ್ಕ ಹೋಗಾಕ ಬರಂಗಿಲ್ಲ."

"ಬಾಯಿ ಮುಚ್ಚು!"

ಸೀಮೆಯ ಅಂಚಿನ ಕಾಲುವೆಯ ಸೇತುವೆ ದಾಟಿ ಆಚೆ ದಂಡೆಯಲ್ಲಿ ಬಿಟ್ಟು ಬಂದೆವು. ಹಿಂತಿರುಗಿ ನೋಡಲಿಲ್ಲ. ಆದರೆ ಆ ದಂಡೆ ನಮ್ಮ ಅಂಗಳಕ್ಕೇ ಕಾಣುತ್ತದೆ. ಇಟ್ಟಲ್ಲೇ ನಿಂತಿತ್ತು. ಸಂಜೆಗೂ ಅಲ್ಲೇ, ಬೆಳಿಗ್ಗೆಯೂ ಅಲ್ಲೇ. ನಾಯಿ ಸಹ ಮುಟ್ಟಿರಲಿಲ್ಲ. ತುಂಬಿ ಹರಿಯುವ ನೀರಿನ ಈಚೆಯಿಂದ ಅತ್ತೆ ಚಪ್ಪಾಳೆ ತಟ್ಟಿ, "ಹೋಗಽ, ಹೋಗಬೇ!" ಎಂದು ಕೂಗಿದರು. ಅದು ಕುತ್ತಿಗೆ ತಿರುಗಿಸಿ ನಮ್ಮ ಮನೆಯ ಕಡೆ ನೋಡಿತು.

ಅದು ಅಲ್ಲಿ ನಿಂತಿರುವಾಗಲೇ ಇವರು ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ನಾನೇ ಹೋಗಿ ಅದನ್ನು ಎತ್ತಿಕೊಂಡು ಬಂದೆ. ಸ್ವಲ್ಪ ದಿನಕ್ಕೆ ಅದರ ಹೊಟ್ಟೆ ಇಳಿಬಿತ್ತು. ಭಾರ ತಾಳದೆ ಎದೆ ಎತ್ತಿ, ನೆಟ್ಟಗೆ, ಮನುಷ್ಯರಂತೆ ನಿಲ್ಲುತ್ತಿತ್ತು. ಮುಟ್ಟಿದರೆ ಬಿಸಿನೀರಿನ ಚೀಲ. ಉಳಿದ ಮೂರಕ್ಕೆ ಏನೂ ಆಗಿರಲಿಲ್ಲ. ಬಾಯಿ ತೆರೆದು ಅದು ಉಸಿರೆಳೆಯುವ ಸದ್ದಿಗೆ ನಾನು ಅಡುಗೆ ಬಿಟ್ಟು ಎದ್ದು, ಖಾಲಿ ಮಂಚದ ಹತ್ತಿರ ಹೋಗಿ ನಿಂತುಬಿಡುತ್ತಿದ್ದೆ.

ಅತ್ತೆ ಅಂಗಳಕ್ಕೆ ಬರುವುದನ್ನೇ ಬಿಟ್ಟರು. "ಅವನ ಬ್ಯಾನಿ ಅದರಾಗ ಐತಿ. ಕೊಡು, ಕಾಲುವಿಗಿ ಒಗದು ಬರ್ತೀನಿ."

"ಬ್ಯಾಡ್ರಿ ಅತ್ತಿ. ಅವರು ಕೈಯಾರೆ ಕಾಳು ಹಾಕಿದ್ದದು."

ಅತ್ತೆ ಹೊಸ್ತಿಲ ಒಳಗೇ ಕೂತರು. "ಬ್ಯಾನಿ ಅದಕ್ಕ ಹತ್ತಿದ್ದು ಖರೇ ಆದ್ರ, ನನ್ನ ಮಗ ಯಾಕ ಹ್ವಾದ?"

ನಾನು ಕೋಳಿಯನ್ನು ಕೈಚೀಲದಲ್ಲಿಟ್ಟುಕೊಂಡು ಶಹಾಪುರದ ದನದ ದವಾಖಾನೆಗೆ ಹೊರಟೆ. ಕರೆಯದಿದ್ದರೂ ಅತ್ತೆ ಬಸ್ಸು ಹತ್ತಿದರು.

ಡಾಕ್ಟರು ಸೂಜಿ ಚುಚ್ಚಿ ಸ್ಟೀಲಿನ ಬೋಗುಣಿಗೆ ಹಳದಿ ನೀರು ತೆಗೆದರು. "ಫಾರಂ ಕೋಳಿ ಏನ್ರಿ? ಇವಕ್ಕ ವಯಸ್ಸಾದ ಮ್ಯಾಲ ಹಿಂಗ ಆಗ್ತೈತ್ರಿ. ತತ್ತಿ ಹೊರಗ ಬರಲಾರದ ಹೊಟ್ಟಿಯೊಳಗ ಬೀಳ್ತಾವ, ನಂಜಾಗ್ತೈತಿ."

"ಮತ್ತ ತುಂಬತೈತೇನ್ರಿ?" ಎಂದರು ಅತ್ತೆ.

"ತುಂಬತೈತ್ರಿ, ಅಮ್ಮಾ."

ಅತ್ತೆ ಬೋಗುಣಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಇದು ಅವಂದಲ್ಲಲ್ಲ?" ಎಂದು ಕೇಳಿದರು.

"ಅಲ್ರಿ ಅತ್ತಿ. ಅದರದಽ."

ಬರುವಾಗ ಚೀಲವನ್ನು ಅವರೇ ತೊಡೆಯ ಮೇಲೆ ಇಟ್ಟುಕೊಂಡರು. ಡಾಕ್ಟರು ಹೇಳಿದಂತೆ ಹೊಟ್ಟೆ ಮತ್ತೆ ತುಂಬಿತು. ಅತ್ತೆ ಅರಿವೆ ಬಿಸಿ ಮಾಡಿ ಅದರ ಕೆಳಗೆ ಹಾಸುತ್ತಿದ್ದರು, ಬೆರಳಿನಿಂದ ನೀರು ಕುಡಿಸುತ್ತಿದ್ದರು. ಒಂದು ಮಧ್ಯಾಹ್ನ ಅವರ ಮಡಿಲಲ್ಲೇ ಅದರ ಉಸಿರು ನಿಂತಿತು.

ಸತ್ತ ಕೋಳಿಯನ್ನು ನಮ್ಮಲ್ಲಿ ಯಾರೂ ಹೂಳುವುದಿಲ್ಲ. ಅತ್ತೆ ಗುದ್ದಲಿ ತೆಗೆದುಕೊಂಡು ಹೊಲದ ಬದುವಿಗೆ ಹೋದರು. ತಿರುಗಿ ಬಂದವರು ಒಳಗೆ ಕಾಲಿಡದೆ ಬಾಗಿಲ ಹೊರಗೇ ನಿಂತರು.

"ತಲಿಗಿ ನೀರ ಹಾಕು," ಎಂದರು.

ತಂಬಿಗೆ ತಂದು ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ನೀನೂ ಹಾಕ್ಕೋ," ಎಂದರು.

ನಾನೂ ಹಾಕಿಕೊಂಡೆ.