ಕೆಂಪು ಗುಂಡಿಯ ನಾಲ್ಕನೆಯ ಮಾತು

ದೇವರ ಮೇಲೆ ಆಣೆ ಇಡುವ ಅಭ್ಯಾಸ ನನಗಿಲ್ಲ. ಇಡಲೇಬೇಕೆಂದರೆ ನನ್ನ ಎರಡು ಕಿವಿಗಳ ಮೇಲೆ ಇಡುತ್ತೇನೆ. ಏಳು ವರ್ಷ ನನಗೆ ಅನ್ನ ಹಾಕಿದ್ದು ಇವೇ. ಆ ರಾತ್ರಿ ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯುತ್ತಿದ್ದೇನೆ. ನಂಬುವವರು ನಂಬಿ, ಬಿಡುವವರು ಬಿಡಿ. "ನಿಮಗೆ ನಿದ್ದೆ ಕಮ್ಮಿಯಾಗಿತ್ತು" ಎಂದು ಮಾತ್ರ ಹೇಳಬೇಡಿ. ಅದನ್ನು ಕೇಳಿ ಕೇಳಿ ಸಾಕಾಗಿದೆ.

ಹೈದರಾಬಾದಿನಲ್ಲಿ ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳು ಆಗತಾನೇ ಎದ್ದಿದ್ದ ಕಾಲ. ನಾನು ಬೀದರಿನವಳು. ನಾರಾಯಣಗೂಡದ ಒಂದು ಲೇಡೀಸ್ ಹಾಸ್ಟೆಲ್ಲಿನ ಮೂರನೇ ಮಹಡಿಯಲ್ಲಿ ಇದ್ದೆ. ಕೆಲಸ ಏನೆಂದರೆ, ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ ಟೈಪ್ ಮಾಡುವುದು. ಒಬ್ಬ ಡಾಕ್ಟರು ತಿನ್ನುತ್ತಾ ಮಾತಾಡುತ್ತಿದ್ದ, ಇನ್ನೊಬ್ಬನಿಗೆ ಸದಾ ನೆಗಡಿ. ಅವರ ಕೆಮ್ಮು ಕೇಳಿಯೇ ಯಾರೆಂದು ಹೇಳಬಲ್ಲವಳಾಗಿದ್ದರಿಂದ ಕಿವಿಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು. ಕೇಳಿಸದ ಪದವನ್ನು ಊಹಿಸಿ ಬರೆಯುವಂತಿಲ್ಲ. ಅಲ್ಲಿ ಗೆರೆ ಎಳೆದು ಖಾಲಿ ಬಿಡಬೇಕು. ಎಡಿಟರು ಅದನ್ನು ತುಂಬುತ್ತಾರೆ. ಅವರಿಗೆ ಮೊದಲಿಂದ ಓದುವ ಪುರುಸೊತ್ತಿಲ್ಲ. ಕಣ್ಣು ನೇರ ಖಾಲಿ ಗೆರೆಗೆ ಹೋಗುತ್ತದೆ, ಹಿಂದಿನ ಎರಡು ಪದ ನೋಡುತ್ತಾರೆ, ತುಂಬುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ.

ನನ್ನ ಎಡಿಟರು ಸುಲಕ್ಕ. ಸುಲೋಚನಾ ಅಂತ, ಲಿಂಗಸುಗೂರಿನವಳು, ನನಗಿಂತ ಆರು ವರ್ಷ ದೊಡ್ಡವಳು. ರೂಮೂ ಒಂದೇ. ಎರಡು ಮಂಚ, ನಡುವೆ ನಾಲ್ಕು ಅಡಿ ಜಾಗ. ನನಗೆ ಜ್ವರ ಬಂದಾಗ ಗಂಜಿ ಮಾಡಿಸಿ ತಂದವಳು, ರಾತ್ರಿ ಪಾಳಿಯಿಂದ ಬರುವಾಗ ಕಂಪನಿ ವ್ಯಾನಿನಲ್ಲಿ ತನ್ನ ಹೆಗಲು ಕೊಟ್ಟು ಮಲಗಿಸಿಕೊಂಡವಳು. ಆ ಊರಲ್ಲಿ ನನಗೆ ಇದ್ದ ಒಂದೇ ಜೀವ ಅವಳು ಎಂದರೆ ತಪ್ಪಿಲ್ಲ.

ಆ ವರ್ಷ ನನಗೆ ಎರಡು ಸಂಬಂಧ ಬಂದು ಮುರಿದಿದ್ದವು. ಹುಮನಾಬಾದಿನವರು ಒಪ್ಪಿ ಹೋದವರು ಹದಿನೈದು ದಿನಕ್ಕೆ ಸುಮ್ಮನಾದರು. ಭಾಲ್ಕಿಯವರು ಕುಪ್ಪಸದ ಅಳತೆ ಕೇಳಿ ಹೋಗಿದ್ದರು. ಆಮೇಲೆ "ಜಾತಕ ಕೂಡಲಿಲ್ಲ" ಎಂದು ಹೇಳಿ ಕಳಿಸಿದರು. ಅಪ್ಪ ಫೋನಿನಲ್ಲಿ ಅಳುವಂತಾಗಿದ್ದರು.

"ಇದೂ ಹೋದ್ರ ನಾ ಇನ್ಯಾರ ಮುಂದ ಕೈ ಮುಗೀಲಿ ತಾಯಿ?"

ಇದು ಎಂದರೆ ಮೂರನೆಯದು. ಬಸವಕಲ್ಯಾಣದವರು. ಭಾನುವಾರ ನನ್ನನ್ನು ನೋಡಲು ಬರುವವರಿದ್ದರು. ನಾನು ಶನಿವಾರ ಬೆಳಗಿನ ಬಸ್ಸಿಗೆ ಹೊರಡಬೇಕಿತ್ತು.

ಶುಕ್ರವಾರ ಸಂಜೆ ಸುಲ್ತಾನ್ ಬಜಾರಿನಲ್ಲಿ ಅಕ್ಕನ ಮಗಳಿಗೆಂದು ಒಂದು ಆಟಿಕೆ ರೋಬೋ ಕೊಂಡೆ. ಗೊಂಬೆ ಬೇಡ, ರಿಮೋಟಿನಿಂದ ನಡೆಯುವ ರೋಬೋನೇ ಬೇಕು ಎಂದು ಹಟ ಹಿಡಿದಿದ್ದಳು. ಮೊಳದುದ್ದದ ಬೂದು ಬಣ್ಣದ್ದು, ಕೆಂಪು ಕಣ್ಣು. ಅಂಗಡಿಯವ "ಸೆಲ್ ಡಾಲೋ ಅಮ್ಮಾ, ಬಟನ್ ದಬಾವ್, ಬಸ್", ಸೆಲ್ ಹಾಕಿ ಗುಂಡಿ ಒತ್ತಿದರೆ ಸಾಕು ಎಂದು ಸೀಲ್ ಒಡೆಯದ ಡಬ್ಬಿ ಕೈಗಿಟ್ಟ. ಬೀದರಿಗೆ ಒಯ್ದ ಮೇಲೆ ನಡೆಯದಿದ್ದರೆ ಬದಲಾಯಿಸಲು ಮತ್ತೆ ಯಾರು ಬರುತ್ತಾರೆ? ರೂಮಿನಲ್ಲೇ ನಡೆಸಿ ನೋಡೋಣ ಎಂದುಕೊಂಡೆ.

ರಾತ್ರಿ ಹತ್ತಕ್ಕೆ ನಮ್ಮ ಹಾಸ್ಟೆಲ್ಲಿಗೆ ನೀರು ಬಿಡುತ್ತಿದ್ದರು. ಎಲ್ಲರೂ ಬಕೆಟ್ ಹಿಡಿದು ಕೆಳಗೆ ಓಡುವುದು.

"ನೀ ಕುಂದ್ರು, ನಾಳೆ ಊರಿಗೆ ಹೋಗಾಕಿ. ನಿನ್ನ ಬಕೆಟ್ಟೂ ನಾನ ತುಂಬಿಸ್ಕೊಂಡು ಬರ್ತೀನಿ," ಎಂದು ಸುಲಕ್ಕ ಎರಡೂ ಬಕೆಟ್ ಎತ್ತಿಕೊಂಡು ಹೋದಳು. ನಾನೊಬ್ಬಳೇ ಉಳಿದೆ.

ರೋಬೋನ ಬೆನ್ನಿನ ಸಣ್ಣ ಸ್ಕ್ರೂವನ್ನು ನೇಲ್ ಕಟರಿನ ತುದಿಯಿಂದ ಬಿಚ್ಚಿದೆ. ನಾಲ್ಕು ಪೆನ್ಸಿಲ್ ಸೆಲ್ಲು ಅದಕ್ಕೆ, ಒಂದು ಚೌಕದ ಬ್ಯಾಟರಿ ರಿಮೋಟಿಗೆ. ಒಂದು ಸೆಲ್ಲು ಉಲ್ಟಾ ಹಾಕಿ ಬೈದುಕೊಂಡೆ. ಸರಿ ಮಾಡಿ ಪಾದದ ಅಡಿಯ ಸ್ವಿಚ್ಚು ಸರಿಸಿದಾಗ ಕಣ್ಣು ಹೊತ್ತಿಕೊಂಡವು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು.

ರಿಮೋಟಿನ ಕಡ್ಡಿ ಎಳೆದು ಮುಂದಕ್ಕೆ ಒತ್ತಿದೆ. ಗರ್ರ್... ಗರ್ರ್... ಪಾದ ಎಳೆಯುತ್ತಾ ಹೊರಟಿತು. ಬಾಗಿಲ ಕಡೆ ಹೋಗಬೇಕಿತ್ತು. ಅರ್ಧ ದಾರಿಯಲ್ಲಿ ತಾನೇ ತಿರುಗಿ ಸುಲಕ್ಕನ ಮಂಚದ ಕೆಳಗೆ ನುಗ್ಗಿ ಅವಳ ಬ್ಯಾಗಿಗೆ ಢಿಕ್ಕಿ ಹೊಡೆಯಿತು.

ಎತ್ತಿ ತಂದು ಮತ್ತೆ ಬಿಟ್ಟೆ. ಎಡಕ್ಕೆ ಒತ್ತಿದೆ. ಎಡಕ್ಕೆ ಒಂದು ಹೆಜ್ಜೆ ಇಟ್ಟು, ನಿಂತು, ಮೆಲ್ಲಗೆ ಬಲಕ್ಕೆ ತಿರುಗಿತು... ಮತ್ತೆ ಅದೇ ಬ್ಯಾಗು. ಮೂರನೇ ಸಲ ಗುಂಡಿಯಿಂದ ಬೆರಳು ತೆಗೆದಿದ್ದೆ. ಆದರೂ ಹೋಯಿತು.

ಚಕ್ರ ವಾರೆ ಇರಬೇಕು, ಫುಟ್‌ಪಾತ್ ಮಾಲು ಇಷ್ಟೇ ಎಂದು ಬೈಯುತ್ತಾ ಮೊಣಕಾಲೂರಿ ಮಂಚದ ಕೆಳಗೆ ಬಗ್ಗಿದೆ. ರಿಮೋಟಿನಲ್ಲಿ ಅದನ್ನು ಮಾತಾಡಿಸುವ ಕೆಂಪು ಗುಂಡಿಯನ್ನು ಇನ್ನೂ ಒತ್ತಿ ನೋಡಿರಲಿಲ್ಲ. ಒತ್ತಿದೆ.

"ಹಲೋ!" ಎಂದಿತು. ಎರಡನೇ ಸಲ "ಐ ಆ್ಯಮ್ ರೋಬೋ!" ಮೂರನೇ ಸಲ "ಹ್ಯಾಂಡ್ಸ್ ಅಪ್!" ಡಬ್ಬಿಯ ಮೇಲೆ ಬರೆದಿದ್ದ ಹಾಗೆ ಮೂರೇ ಮಾತು. ನಾಲ್ಕನೇ ಸಲ ಒತ್ತಿದೆ, ಮತ್ತೆ ಹಲೋ ಎನ್ನುತ್ತದೆ ಎಂದುಕೊಂಡು.

ಕರಕರ ಸದ್ದು... ಆಮೇಲೆ ಕನ್ನಡ.

ಕನ್ನಡವೇ. ಹೆಂಗಸೋ ಗಂಡಸೋ ತಿಳಿಯದ ದನಿ, ಹಳೆಯ ಕ್ಯಾಸೆಟ್ಟಿನ ಟೇಪು ಎಳೆದು ಹೋದಾಗ ಬರುವ ಹಾಗೆ. ರಿಮೋಟು ಕೈಯಿಂದ ಜಾರಿತು. ಕೆಳಗೆ ನಲ್ಲಿಯ ಹತ್ತಿರ ಹುಡುಗಿಯರು ತೆಲುಗಿನಲ್ಲಿ ಜಗಳವಾಡುವುದು ಕೇಳುತ್ತಿತ್ತು. ಕೂಗಿ ಕರೆಯಬಹುದಿತ್ತು. ಆದರೆ ನಾನು ಮಾಡಿದ್ದು ನನ್ನ ಕಸುಬಿನವರು ಮಾತ್ರ ಮಾಡುವ ಕೆಲಸ. ಕಾಗದ, ಪೆನ್ನು ತೆಗೆದುಕೊಂಡೆ. ಮತ್ತೆ ನಾಲ್ಕು ಸಲ ಒತ್ತಿದೆ. ಮತ್ತೆ ಅದೇ ಬಂತು. ಕೇಳಿದ್ದನ್ನು ಬರೆದೆ.

"ಹುಡುಗಿಯ ಎಡಹುಬ್ಬಿನ ಮೇಲೆ ಗಾಯದ ಗುರುತು ಇದೆ, ನೋಡಿಕೊಳ್ಳಿರಿ. ಅದು ಮೂರ್ಛೆ ಬಂದು ಬಿದ್ದದ್ದು. ಮನೆಯವರು ಮುಚ್ಚಿಟ್ಟಿದ್ದಾರೆ. ತಮ್ಮ ಹಿತ ಬಯಸುವ..."

ಅಲ್ಲಿ ಕರಕರ ಎಂದು ಪದ ನುಂಗಿ ಹೋಯಿತು. ಗೆರೆ ಎಳೆದು ಖಾಲಿ ಬಿಟ್ಟೆ. ಅದರ ನಂತರ, ಕಾಗದದ ಮಾತಿನಂತಿಲ್ಲದೆ, ಮನೆಯ ಮಾತಿನಲ್ಲಿ ಇನ್ನೊಂದು ಸಾಲು ಬಂತು. ಅದನ್ನೂ ಬರೆದೆ.

"ಆಕಿ ಹೋದ್ರ ಈ ಊರಾಗ ನನಗ ಯಾರೂ ಇಲ್ಲ."

ಬರೆದು ಮುಗಿದ ಮೇಲೆ ನನ್ನ ಕೈ ತಾನಾಗಿ ಎಡಹುಬ್ಬಿಗೆ ಹೋಯಿತು. ನಾನು ಮೂರನೇ ಕ್ಲಾಸಿನಲ್ಲಿ ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಿದ್ದ ಗಾಯ ಅಲ್ಲಿದೆ. ಮೂರ್ಛೆ ನನಗೆ ಹುಟ್ಟಿದಾಗಿನಿಂದ ಬಂದಿಲ್ಲ.

ಬಾಗಿಲು ತಳ್ಳಿಕೊಂಡು ಸುಲಕ್ಕ ಬಂದಳು. ಬಕೆಟ್ಟಿನ ನೀರು ತುಳುಕಿ ನೆಲ ಒದ್ದೆಯಾಯಿತು. ಅವಳನ್ನು ಕಂಡು ನನಗೆ ಅಳುವೇ ಬಂತು.

"ಅಕ್ಕಾ... ಇದು ಏನೋ ಮಾತಾಡ್ಲಾಕತ್ತದ. ನೋಡಿಲ್ಲಿ, ನಾ ಬರಕೊಂಡೀನಿ. ಒಂದು ಕಡೆ ತಿಳೀಲಿಲ್ಲ..."

"ಏನವಾ, ರಜಾದಾಗೂ ಟೈಪಿಂಗ್ ಬಿಡವಲ್ಲಿ," ಎಂದು ನಗುತ್ತಾ ಕಾಗದ ಇಸಿದುಕೊಂಡಳು. ಜಡೆಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದಳು. ದಿನಾ ನೂರು ಸಲ ಮಾಡುವ ಕೆಲಸ. ಕಣ್ಣು ನೇರ ಖಾಲಿ ಗೆರೆಗೆ ಹೋಯಿತು. ಹಿಂದಿನ ಎರಡು ಪದ ನೋಡಿದಳು. ಬರೆದಳು.

"ಒಬ್ಬ ತಾಯಿ."

ಬರೆದಾದ ಮೇಲೆ ಅವಳ ಕಣ್ಣು ಮೇಲಿನ ಸಾಲುಗಳಿಗೆ ಏರಿತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಗು ಇನ್ನೂ ತುಟಿಯಲ್ಲಿತ್ತು, ಉಳಿದ ಮುಖದಲ್ಲಿ ರಕ್ತವೇ ಇರಲಿಲ್ಲ.

"ತಾಯಿ ಅಂತ ನಿನಗ ಹ್ಯಾಂಗ ಗೊತ್ತಾಯ್ತು ಅಕ್ಕಾ?"

ಟ್ಯೂಬ್‌ಲೈಟಿನ ಗುಂಯ್ ಸದ್ದು. ಮಂಚದ ಕೆಳಗಿನಿಂದ ಎರಡು ಕೆಂಪು ಕಣ್ಣು.

ಅವಳು ಬಗ್ಗಿ, ರೋಬೋನನ್ನು ಮುಟ್ಟದಂತೆ ಪಕ್ಕದಿಂದ ಕೈ ಹಾಕಿ ಬ್ಯಾಗು ಎಳೆದಳು. ಅದರೊಳಗಿನ ಸೀರೆಯ ಮಡಿಕೆಯಿಂದ ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದು ನನ್ನ ಮಂಚದ ಮೇಲಿಟ್ಟಳು. ಅಂಚು ಅಂಟಿಸಿತ್ತು. ಮೇಲೆ ಬಸವಕಲ್ಯಾಣದವರ ವಿಳಾಸ. ಮನೆ, ಓಣಿ, ಹುಡುಗನ ಅಪ್ಪನ ಹೆಸರು ಎಲ್ಲ ಸರಿಯಾಗಿತ್ತು. ಕೊಟ್ಟವಳು ನಾನೇ. "ಎಂಥ ಮಂದಿ, ಎಲ್ಲಿರ್ತಾರ" ಎಂದು ಅಕ್ಕರೆಯಿಂದ ಕೇಳಿದ್ದಳಲ್ಲ, ನಾನೇ ಕೂತು ಒಂದೊಂದೂ ಹೇಳಿದ್ದೆ.

ಅಂಚು ಹರಿದೆ. ಕಾಗದದ ಮೇಲೆ ನಾನು ಬರೆದುಕೊಂಡ ಸಾಲುಗಳೇ ಇದ್ದವು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಕೊನೆಗೆ "ತಮ್ಮ ಹಿತ ಬಯಸುವ ಒಬ್ಬ ತಾಯಿ". ಮದುವೆಯಾಗದ, ಮಕ್ಕಳಿಲ್ಲದ ಸುಲಕ್ಕ ಸಹಿ ಹಾಕಿದ ಮೂಗರ್ಜಿ.

"ಮೊದಲಿನ ಎರಡೂ?" ಎಂದೆ.

ತಲೆ ಅಲ್ಲಾಡಿಸಿದಳು. ಹೌದು.

ಭಾಲ್ಕಿಯವರು ಬೇಡ ಎಂದ ದಿನ ಈಕೆಯೇ ನನಗೆ ಕಲಸಿ ತುತ್ತು ಕೊಟ್ಟಿದ್ದಳು. "ಅವರ ಹಣೇಬರಾ ಚೊಲೊ ಇಲ್ಲ ಬಿಡು" ಎಂದು ಕಣ್ಣೊರೆಸಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮವ್ವ ಹೇಳುತ್ತಿದ್ದದ್ದು ಸುಳ್ಳಲ್ಲ. ನನಗೆ ಹೊಡೆಯಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ, ನಾಚಿಕೆಯಿಲ್ಲದೆ ಹೇಳುತ್ತೇನೆ, ಅವಳ ಹೆಗಲ ಮೇಲೆ ಬಿದ್ದು ಅವಳ ಮೇಲೇ ದೂರು ಹೇಳಿ ಅಳಬೇಕೆನಿಸಿತು. ಇನ್ಯಾರಿಗೆ ಹೇಳಲಿ?

"ಯಾಕ ಅಕ್ಕಾ?"

ಅವಳು ನನ್ನ ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಇನ್‌ಲ್ಯಾಂಡಿನಲ್ಲಿ ಆ ಸಾಲು ಇರಲಿಲ್ಲ. ತಿರುಗಿಸಿ ನೋಡಿದೆ, ಮಡಿಕೆ ಬಿಡಿಸಿ ನೋಡಿದೆ. ಎಲ್ಲೂ ಇಲ್ಲ.

"ಇದನ್ನ ನಾ ಬರದಿಲ್ಲ ವಿಜೀ," ಪಿಸುಗುಟ್ಟಿದಳು. "ಉಳಿದದ್ದೆಲ್ಲ ಬರದೀನಿ, ಬಾಯಿ ಬಿಟ್ಟು ಹೇಳಿಲ್ಲ. ಇದನ್ನ ಬರದೂ ಇಲ್ಲ, ಹೇಳೂ ಇಲ್ಲ... ನಿನ್ನ ಕಾಲಿಗೆ ಬೀಳ್ತೀನಿ, ಅದರ ಸೆಲ್ ತಗಿ ಮೊದಲ."

ಸೆಲ್ಲು ತೆಗೆದೆ. ಕಣ್ಣು ಆರಿದವು. ಬೆಳಗಿನ ತನಕ ನಾಲ್ಕು ಅಡಿ ಅಂತರದಲ್ಲಿ ಇಬ್ಬರೂ ಗೋಡೆಗೆ ಒರಗಿ ಕೂತೆವು. ಮೂಗರ್ಜಿಯನ್ನು ನಾನು ಹರಿದು ಚೂರು ಮಾಡಿ ಊರಿನ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಬಿಟ್ಟೆ.

ಭಾನುವಾರ ಬಸವಕಲ್ಯಾಣದವರು ಬಂದರು, ಒಪ್ಪಿದರು. ಈ ಸಲ ಯಾವ ಕಾಗದವೂ ಹೋಗಲಿಲ್ಲ, ಮದುವೆಯಾಯಿತು. ರೋಬೋನನ್ನು ಅಕ್ಕನ ಮಗಳಿಗೆ ಕೊಡಲಿಲ್ಲ. ಹೈದರಾಬಾದಿನ ಕೋಠಿಯಲ್ಲಿ ಒಬ್ಬ ರಿಪೇರಿಯವನ ಬಳಿ ಬಿಚ್ಚಿಸಿದೆ. "ಇಸ್ಮೇಂ ರೆಕಾರ್ಡಿಂಗ್ ಹೈಚ್ ನೈ ಅಮ್ಮಾ, ತೀನೀಚ್ ಬಾತಾಂ," ಎಂದ. ರೆಕಾರ್ಡಿಂಗ್ ಇಲ್ಲವೇ ಇಲ್ಲವಂತೆ, ಮೂರೇ ಮಾತಂತೆ. ಅಲ್ಲೇ ಬಿಟ್ಟು ಬಂದೆ.

ಮದುವೆಗೆ ಮುಂಚೆಯೇ ಆ ಹಾಸ್ಟೆಲ್ ಬಿಟ್ಟೆ. ಸಾಮಾನು ಕಟ್ಟುವಾಗ ಸುಲಕ್ಕ ಬಾಗಿಲಲ್ಲಿ ನಿಂತಿದ್ದಳು. ಕ್ಷಮಿಸು ಎನ್ನಲಿಲ್ಲ. ನಾನು ಇಳಿಯುವಾಗ ಒಂದೇ ಕೇಳಿದಳು.

"ಆ ಕೊನೀ ಮಾತು... ಯಾರ ದನಿಯೊಳಗ ಬಂತು? ನನ್ನ ದನಿ ಐತೇನು?"

"ತಿಳೀಲಿಲ್ಲ," ಎಂದೆ.

ಸುಳ್ಳು ಹೇಳಿದೆ. ಕಾಗದದ ಸಾಲುಗಳು ಯಾರ ದನಿಯಲ್ಲೂ ಇರಲಿಲ್ಲ, ನಿಜ. ಆದರೆ ಕೊನೆಯ ಸಾಲಿಗೆ ಬಂದಾಗ ಕರಕರ ನಿಂತು ದನಿ ಸ್ವಚ್ಛವಾಗಿತ್ತು. ತರಬೇತಿಯ ದಿನಗಳಲ್ಲಿ ಕಂಪನಿಯವರು ನಮ್ಮ ನಮ್ಮ ಮಾತನ್ನೇ ರೆಕಾರ್ಡ್ ಮಾಡಿ ಕೇಳಿಸುತ್ತಿದ್ದರು. ಹಾಗಾಗಿ ಹೊರಗಿನಿಂದ ಕೇಳಿದರೆ ನನ್ನ ದನಿ ಹೇಗಿರುತ್ತದೆ ಎಂಬುದು ನನಗೆ ಗೊತ್ತು.

ಅದು ನನ್ನದೇ ದನಿ.